ಕಾಲು, ಕ್ಯಾಮರಾ, ಕತ್ತರಿ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಎರಡನೆಯ ವರ್ಷದ ಐವರು ಮಿತ್ರರು ಹಿಪ್ ಹಾಪ್ ಕುಣಿದದ್ದು ಅನೇಕರಿಗೆ ನೆನಪಿರಬಹುದು. ಸಭೆಯಲ್ಲಿದ್ದ ನಮಗೆಲ್ಲ ಅಂದು ಮೈ ಜುಮ್ಮೆಂದಿತು. ನಾಲ್ಕು ದಿನಗಳ ತರುವಾಯ ಆ ಕುಣಿತದ ಚಿತ್ರೀಕರಣ ಎಲ್ಲರ ಮೊಬೈಲುಗಳಿಗೂ ಬಂದಿತು. ಆತುರದಿಂದ ತೆರೆದು ನೋಡಿದರೆ, ಐವರ ಮುಖಗಳೂ ಸೊಗಸಾಗಿ ಬಂದಿದ್ದುವು. ಸೊಂಟದಿಂದ ಕೆಳಗೆ ಮಾತ್ರ ಏನೂ ಇರಲಿಲ್ಲ! ಚಿತ್ರ ತೆಗೆದವರದು ದುರುದ್ದೇಶವೇನೂ ಅಲ್ಲ. ಮದುವೆಮನೆಯಲ್ಲಿ ಮುಖಗಳನ್ನು ಹಿಡಿದು ರೂಢಿಯಾದ ಕೈ ಇಲ್ಲಿಯೂ ಮುಖಗಳನ್ನೇ ಹಿಡಿದಿತ್ತು. ಆದರೆ ಸೈಕಲ್ ಸ್ಟ್ಯಾಂಡಿನ ಸಿಮೆಂಟು ನೆಲದ ಮೇಲೆ ಎರಡು ತಿಂಗಳು ಬೆವರು ಸುರಿಸಿದ್ದ ಆ ಹುಡುಗರಲ್ಲೊಬ್ಬ ನನ್ನೊಡನೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಾವು ಕುಣಿದದ್ದೆಲ್ಲ ಚೌಕಟ್ಟಿನ ಕೆಳಗೇ ಉಳೀತು ಕಣೋ.”

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ನೃತ್ಯವನ್ನು ಚಿತ್ರದಲ್ಲಿ ಹಿಡಿಯುವವನು ನೃತ್ಯವನ್ನು ಅರಿಯದಿದ್ದರೆ ಏನಾಗುತ್ತದೆ? ನರ್ತಿಸುವವನೇ ಕ್ಯಾಮರಾದ ಹಿಂದೆ ಹೋಗಿ ನಿಂತರೆ ಏನಾಗುತ್ತದೆ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಹಿಪ್ ಹಾಪಿನಂಥ ಬೀದಿಯ ನೃತ್ಯದ ಮಟ್ಟಿಗೆ ಅದು ಅಳಿವು ಉಳಿವಿನ ಪ್ರಶ್ನೆಯೇ ಆಗಿತ್ತು. ಇದನ್ನು ಅಮೆರಿಕದ ಟೋನಿ ಬೇಸಿಲ್ ಎಂಬ ಕಲಾವಿದೆಯ ಕೆಲಸದ ಮೂಲಕ ನೋಡಬಹುದೆಂದು ನನ್ನ ಭಾವನೆ. ನರ್ತಕಿ, ನೃತ್ಯ ಸಂಯೋಜಕಿ, ಚಿತ್ರ ನಿರ್ದೇಶಕಿ, ಈ ಮೂರೂ ಆಗಿ ದುಡಿದವರು ಅವರು.

ಮೊದಲು ಹಿಪ್ ಹಾಪಿನ ವಿಚಾರ. ನಾವು ಇಂದು ಒಂದೇ ಹೆಸರಿನಿಂದ ಕರೆಯುವ ಈ ನೃತ್ಯ ವಾಸ್ತವವಾಗಿ ಒಂದೇ ನೃತ್ಯವಲ್ಲ; ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ ಎರಡು ಮೂರು ಹಳ್ಳಗಳು ಕೂಡಿ ಆದ ಹೊಳೆ. ಒಂದು ಹುಟ್ಟಿದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ. 1973ನೆಯ ಆಗಸ್ಟ್ 11ರಂದು ಅಲ್ಲಿಯ ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ನಂಬರಿನ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಸಂತೋಷಕೂಟ ಏರ್ಪಡಿಸಿದಳು. ಶಾಲೆ ತೆರೆಯುವುದರೊಳಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸುವುದು ಅವಳ ಉದ್ದೇಶ. (ಪ್ರಪಂಚವನ್ನೆಲ್ಲ ಸುತ್ತಿಬಂದ ಒಂದು ಕಲೆಯ ಹುಟ್ಟುಹಬ್ಬವೆಂದು ಇಂದು ಆಚರಿಸುವ ದಿನ, ಒಬ್ಬ ವಿದ್ಯಾರ್ಥಿನಿಯ ಬಟ್ಟೆಯ ಖರ್ಚಿಗಾಗಿ ನಡೆದ ಕೂಟದ ದಿನ ಎಂಬುದು ನಮ್ಮಂಥವರಿಗೆ ಸ್ವಲ್ಪ ಸಮಾಧಾನ ಕೊಡುವ ಸಂಗತಿ.) ಹಾಡಿನ ತಟ್ಟೆಗಳನ್ನು ನುಡಿಸಿದವನು ಅವಳ ಅಣ್ಣ ಕ್ಲೈವ್, ಕೂಲ್ ಹರ್ಕ್ ಎಂಬುದು ಅವನ ಪ್ರಸಿದ್ಧ ನಾಮ. ಹಾಡಿನ ನಡುವೆ ಗಾಯನ ನಿಂತು ತಾಳವಾದ್ಯ ಮಾತ್ರ ನುಡಿಯುವ ಸ್ವಲ್ಪ ಹೊತ್ತಿಗೆ ‘ಬ್ರೇಕ್’ ಎನ್ನುತ್ತಾರೆ. ಅದು ಬಂದಾಗಲೇ ಹುಡುಗರು ಹುಚ್ಚೆದ್ದು ಕುಣಿಯುವುದನ್ನು ಹರ್ಕ್ ಗಮನಿಸಿದ್ದ. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರದನ್ನು ಆರಂಭಿಸಿ, ಆ ತುಣುಕನ್ನು ಬೇಕಾದಷ್ಟು ಹಿಗ್ಗಿಸಿದ. ಅದಕ್ಕೆ ಕುಣಿದವರ ನೃತ್ಯವೇ ಬ್ರೇಕಿಂಗ್. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನವರೆಗೆ ಹೋಗಿ ಬಂದದ್ದು ಇದೇ.

ಉಳಿದ ಹಳ್ಳಗಳು ಹುಟ್ಟಿದ್ದು ದೇಶದ ಮತ್ತೊಂದು ತುದಿಯ ಕ್ಯಾಲಿಫೋರ್ನಿಯದಲ್ಲಿ. ಫ್ರೆಸ್ನೊ ಎಂಬ ಊರಿನ ಸ್ಯಾಮ್ ಸಾಲಮನ್ ಎಂಬ ತರುಣನ ‘ಎಲೆಕ್ಟ್ರಿಕ್ ಬೂಗಲೂಸ್’ ತಂಡ ಬೆಳೆಸಿದ್ದು ಪಾಪಿಂಗ್. ಸ್ನಾಯುವನ್ನು ಥಟ್ಟನೆ ಬಿಗಿದು ಅಷ್ಟೇ ಥಟ್ಟನೆ ಸಡಿಲಿಸುವುದು ಅದರ ಜೀವಾಳ. ನೋಡಿದವರಿಗೆ ಮೈಯಲ್ಲಿ ವಿದ್ಯುತ್ತು ಹರಿದಂತೆ ಕಾಣುತ್ತದೆ. ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ್ದು ಲಾಕಿಂಗ್. ಇದರ ಹುಟ್ಟಿನ ಕಥೆ ಕಾಲೇಜು ಪತ್ರಿಕೆಗೆ ತಕ್ಕದ್ದೇ ಆಗಿದೆ. 1970ರ ಆಸುಪಾಸಿನಲ್ಲಿ ಅಲ್ಲಿಯ ಟ್ರೇಡ್ ಟೆಕ್ನಿಕಲ್ ಕಾಲೇಜಿನಲ್ಲಿ ಡಾನ್ ಕ್ಯಾಂಪ್‌ಬೆಲ್ ಎಂಬ ಕರಿಯ ಜನಾಂಗದ ವಿದ್ಯಾರ್ಥಿ ವಾಣಿಜ್ಯ ಚಿತ್ರಕಲೆ ಓದುತ್ತಿದ್ದರು. (ಬ್ರಾಂಕ್ಸಿನ ಕ್ಯಾಂಪ್‌ಬೆಲ್ ಮನೆತನಕ್ಕೂ ಇವರಿಗೂ ಸಂಬಂಧವಿಲ್ಲ.) ಸಂಕೋಚ ಸ್ವಭಾವದ ಹುಡುಗ, ಕುಣಿಯಲು ಬಾರದು. ಕ್ಯಾಂಟೀನಿನಲ್ಲಿ ಗೆಳೆಯರು ಆಗಿನ ಜನಪ್ರಿಯ ಹೆಜ್ಜೆಯೊಂದನ್ನು ಹೇಳಿಕೊಟ್ಟರಂತೆ. ತೋಳುಗಳನ್ನು ಸರಾಗವಾಗಿ ಆಡಿಸಬೇಕಾದ ಕಡೆ ಕ್ಯಾಂಪ್‌ಬೆಲ್ಲರಿಗೆ ಮುಂದಿನ ಹೆಜ್ಜೆ ಮರೆತು ತೋಳು ಅಲ್ಲಿಯೇ ಬೀಗ ಹಾಕಿದಂತೆ ನಿಂತುಬಿಡುತ್ತಿತ್ತು. ಸುತ್ತಲಿದ್ದವರು ನಕ್ಕರು. ಅವರು ನಕ್ಕವರ ಕಡೆಗೆ ಬೆರಳು ತೋರಿಸಿದರು. ಆ ನಿಲ್ಲುವಿಕೆಯೂ ಆ ಬೆರಳೂ ಸೇರಿ ನೃತ್ಯವಾಯಿತು. ಲಾಕ್ ಎಂದರೆ ಬೀಗವೇ ತಾನೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಮ್ಮ ಭರತನಾಟ್ಯಕ್ಕೆ ಶಾಸ್ತ್ರಗ್ರಂಥವಿದೆ, ಅಡವುಗಳಿಗೆ ಹೆಸರುಗಳಿವೆ. ಯಕ್ಷಗಾನಕ್ಕೆ ಹೆಜ್ಜೆ ಕಲಿಸುವ ಗುರುವಿದ್ದಾನೆ, ಬಾಯಿತಾಳವಿದೆ. ಬೀದಿಯ ನೃತ್ಯಕ್ಕೆ ಆರಂಭದಲ್ಲಿ ಇವು ಯಾವುವೂ ಇರಲಿಲ್ಲ. ಒಬ್ಬನು ಕುಣಿದದ್ದನ್ನು ಇನ್ನೊಬ್ಬನು ಕಣ್ಣಿನಿಂದ ಕದ್ದು ಕಲಿಯಬೇಕು, ಬೇರೆ ದಾರಿಯಿಲ್ಲ. ಆದುದರಿಂದ ಈ ನೃತ್ಯಕ್ಕೆ ಗ್ರಂಥ ಎಂಬುದೇನಾದರೂ ಇದ್ದರೆ ಅದು ಚಲಿಸುವ ಚಿತ್ರವೇ. ಆ ಗ್ರಂಥವನ್ನು ಯಾರು ಬರೆಯುತ್ತಾರೆ, ಕರ್ತೃವಿನ ಹೆಸರಿನ ಜಾಗದಲ್ಲಿ ಯಾರ ಹೆಸರು ಬೀಳುತ್ತದೆ ಎಂಬುದೇ ಮುಖ್ಯವಾದ ವಿಷಯ.

ಇನ್ನು ಚಲಚ್ಚಿತ್ರದ ಕಡೆಗೆ ಬರೋಣ. ನೃತ್ಯವನ್ನು ಚಿತ್ರದಲ್ಲಿ ಹಿಡಿಯುವ ಬಗೆಯಲ್ಲಿ 1930ರ ದಶಕದ ಹಾಲಿವುಡ್ಡಿನಲ್ಲಿಯೇ ಎರಡು ಪಂಥಗಳಿದ್ದುವು. ಬಸ್ಬಿ ಬರ್ಕ್‌ಲಿ ಎಂಬ ನಿರ್ದೇಶಕರು ಕ್ಯಾಮರಾವನ್ನು ಚಾವಣಿಗೆ ಏರಿಸಿ, ಹತ್ತಾರು ನರ್ತಕಿಯರನ್ನು ರಂಗೋಲಿಯ ಚುಕ್ಕಿಗಳಂತೆ ಜೋಡಿಸುತ್ತಿದ್ದರು. ಅಲ್ಲಿ ನಿಜವಾಗಿ ಕುಣಿಯುವುದು ಕ್ಯಾಮರಾ. ಮನುಷ್ಯರು ಹೂವಿನ ಎಸಳುಗಳು. ಇದಕ್ಕೆ ಪ್ರತಿಯಾಗಿ ಫ್ರೆಡ್ ಆಸ್ಟೇರ್ ಎಂಬ ಮಹಾನರ್ತಕರು, ತಾವು ಕುಣಿಯುವಾಗ ತಲೆಯಿಂದ ಪಾದದವರೆಗೆ ಇಡೀ ಮೈ ಚೌಕಟ್ಟಿನೊಳಗಿರಬೇಕು, ಸಾಧ್ಯವಾದಷ್ಟು ಹೊತ್ತು ತುಂಡರಿಸದೆ ತೋರಿಸಬೇಕು ಎಂದು ಹಟ ಹಿಡಿದು ಗೆದ್ದರು. ಅವರು ನರ್ತಕರಾದ್ದರಿಂದಲೇ ಈ ಹಟ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಸೈಕಲ್ ಸ್ಟ್ಯಾಂಡಿನ ಐವರೂ ಆಸ್ಟೇರ್ ಪಂಥದವರೇ.

ಮೂರನೆಯ ದಾರಿಯೊಂದನ್ನು ತೋರಿಸಿದವರು ಮಾಯಾ ಡೆರೆನ್. 1945ರಲ್ಲಿ ಅವರು ಮಾಡಿದ ‘ಎ ಸ್ಟಡಿ ಇನ್ ಕೊರಿಯಾಗ್ರಫಿ ಫಾರ್ ಕ್ಯಾಮರಾ’ ಎರಡು ಮೂರು ನಿಮಿಷಗಳ ಪುಟ್ಟ ಚಿತ್ರ. ಮಾತಿಲ್ಲ, ಸಂಗೀತವೂ ಇಲ್ಲ. ಟ್ಯಾಲಿ ಬೀಟಿ ಎಂಬ ಕರಿಯ ನರ್ತಕ ಕಾಡಿನಲ್ಲಿ ನಿಂತು ಕಾಲೆತ್ತುತ್ತಾನೆ. ಆ ಕಾಲು ಕೆಳಗಿಳಿಯುವುದು ಒಂದು ಮನೆಯ ಕೋಣೆಯಲ್ಲಿ! ಅಲ್ಲಿಂದ ಮುಂದುವರಿದ ಚಲನೆ ವಸ್ತುಸಂಗ್ರಹಾಲಯದ ವಿಶಾಲವಾದ ಹಜಾರವನ್ನು ಮುಟ್ಟುತ್ತದೆ. ಸ್ಥಳ ತುಂಡಾದರೂ ಹೆಜ್ಜೆ ತುಂಡಾಗುವುದಿಲ್ಲ. ಕತ್ತರಿ ಇಲ್ಲಿ ನೃತ್ಯದ ವೈರಿಯಲ್ಲ, ಜೊತೆಗಾರ. ಇದಕ್ಕಿಂತಲೂ ನನಗೆ ಹಿಡಿಸಿದ್ದು ಮತ್ತೊಂದು ಸಂಗತಿ: ಚಿತ್ರದ ಕರ್ತೃಗಳೆಂದು ಡೆರೆನ್ ತಮ್ಮೊಬ್ಬರ ಹೆಸರನ್ನಲ್ಲ, ಬೀಟಿಯ ಹೆಸರನ್ನೂ ಜೊತೆಗೆ ಹಾಕಿದರು.

ಟೋನಿ ಬೇಸಿಲ್ ಹುಟ್ಟಿದ್ದು 1943ರಲ್ಲಿ, ಫಿಲಡೆಲ್ಫಿಯದಲ್ಲಿ. ತಂದೆ ವಾದ್ಯಮೇಳದ ನಾಯಕ, ತಾಯಿ ರಂಗದ ಮೇಲೆ ಕಸರತ್ತು ಮತ್ತು ಹಾಸ್ಯ ಮಾಡುತ್ತಿದ್ದವರು. ಬೆಳೆದದ್ದು ಲಾಸ್ ವೇಗಸ್‌ನಲ್ಲಿ. 1964ರ ಹೊತ್ತಿಗೇ ಚಿತ್ರಗಳಲ್ಲಿ ನರ್ತಕಿಯಾಗಿ, ಡೇವಿಡ್ ವಿಂಟರ್ಸ್ ಎಂಬ ನೃತ್ಯ ಸಂಯೋಜಕರ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದರು. 1969ರ ‘ಈಸಿ ರೈಡರ್’ ಚಿತ್ರದಲ್ಲಿ ನಟಿಸಿದರು. ಅಷ್ಟು ಮಾತ್ರವಾಗಿದ್ದರೆ ಅವರ ಹೆಸರನ್ನು ನಾವು ಎತ್ತಬೇಕಾಗಿರಲಿಲ್ಲ. ಆದರೆ ಅದೇ ವರ್ಷಗಳಲ್ಲಿ ಅವರು ಚಿತ್ರಕಲಾವಿದರ, ಪ್ರಯೋಗಶೀಲ ಚಿತ್ರಕಾರರ ಗೆಳೆತನದಲ್ಲಿದ್ದು, ತಾವೂ ಚಿಕ್ಕ ಕ್ಯಾಮರಾಗಳಿಂದ ಕಿರುಚಿತ್ರಗಳನ್ನು ತೆಗೆಯತೊಡಗಿದ್ದರು.

ಆ ಕಾಲದ ಎರಡು ಚಿತ್ರಗಳಿಂದ ಅವರು ಏನು ಕಲಿತಿರಬಹುದೆಂದು ಊಹಿಸಬಹುದು. 1966ರಲ್ಲಿ ಬ್ರೂಸ್ ಕಾನರ್ ಎಂಬ ಕಲಾವಿದರು ‘ಬ್ರೇಕ್‌ಅವೇ’ ಎಂಬ ಐದು ನಿಮಿಷಗಳ ಕಪ್ಪು ಬಿಳುಪು ಚಿತ್ರ ಮಾಡಿದರು. ಹಾಡು ಬೇಸಿಲ್ಲರದೇ, ಕುಣಿತವೂ ಅವರದೇ. ಕಾನರ್ ಕುಣಿತವನ್ನು ಚೂರು ಚೂರಾಗಿ ಹಿಡಿದರು. ಕತ್ತಲೆಯಲ್ಲಿ ಮಿಂಚು ಹೊಡೆದಂತೆ ಕೈ, ಕೂದಲು, ಮುಖ ತೋರಿ ಮರೆಯಾಗುತ್ತವೆ. ಅರ್ಧಕ್ಕೆ ಬಂದಾಗ ಚಿತ್ರವೂ ಹಾಡೂ ಹಿಮ್ಮುಖವಾಗಿ ಓಡಿ ಹೊರಟಲ್ಲಿಗೆ ಹಿಂದಿರುಗುತ್ತವೆ. ಇನ್ನೊಂದು, 1968ರ ‘ಹೆಡ್’ ಎಂಬ ಚಿತ್ರದ ಒಂದು ಹಾಡು. ಬೇಸಿಲ್ ನೃತ್ಯ ಸಂಯೋಜಿಸಿ, ಡೇವಿ ಜೋನ್ಸ್ ಎಂಬ ಗಾಯಕನೊಡನೆ ತಾವೂ ಕುಣಿದರು. ಒಂದೇ ಕುಣಿತವನ್ನು ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಉಡುಪಿನಿಂದ ಒಮ್ಮೆ, ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಉಡುಪಿನಿಂದ ಇನ್ನೊಮ್ಮೆ ತೆಗೆದು ಎರಡನ್ನೂ ಹೆಣೆದಿದ್ದಾರೆ. ಹೆಜ್ಜೆ ಹೆಜ್ಜೆಗೂ ಹಗಲು ರಾತ್ರಿಗಳು ಅದಲುಬದಲಾಗುತ್ತವೆ, ಹೆಜ್ಜೆ ಮಾತ್ರ ತಪ್ಪುವುದಿಲ್ಲ. ಎರಡು ಸಲ ಕುಣಿದದ್ದೂ ಕೂದಲೆಳೆಯಷ್ಟು ಹೆಚ್ಚುಕಡಮೆಯಾಗದಿದ್ದರೆ ಮಾತ್ರ ಇಂಥ ಹೆಣಿಗೆ ಸಾಧ್ಯ. ಕತ್ತರಿ ಎಲ್ಲಿ ಬೀಳುತ್ತದೆಂಬುದು ನೃತ್ಯ ಸಂಯೋಜಕಿಗೆ ಮೊದಲೇ ಗೊತ್ತಿರಬೇಕು.

ಈ ಅನುಭವವಿದ್ದ ಬೇಸಿಲ್ 1970ರ ದಶಕದ ಆದಿಯಲ್ಲಿ ಲಾಕಿಂಗ್ ಕಂಡರು. ಕಂಡು ಮನಸೋತು ಡಾನ್ ಕ್ಯಾಂಪ್‌ಬೆಲ್ಲರಿಂದಲೇ ಅದನ್ನು ಕಲಿತರು. ಆ ವೇಳೆಗೆ ಕ್ಯಾಂಪ್‌ಬೆಲ್ ‘ಸೋಲ್ ಟ್ರೇನ್’ ಎಂಬ ಟೆಲಿವಿಷನ್ ಕಾರ್ಯಕ್ರಮದಲ್ಲಿ ಕುಣಿಯುತ್ತಿದ್ದರು. 1971ರಿಂದ ಅಮೆರಿಕದಾದ್ಯಂತ ಪ್ರಸಾರವಾದ ಈ ಕಾರ್ಯಕ್ರಮದಿಂದ ಕರಿಯ ತರುಣರ ನೃತ್ಯಗಳು ಮನೆಮನೆಯನ್ನು ಮುಟ್ಟಿದುವು. ಆದರೆ ಕುಣಿದವರಿಗೆ ಸಂಬಳವಿರಲಿಲ್ಲ. ಹಾಡಿದವರ ಹೆಸರು ತೆರೆಯ ಮೇಲೆ ಬರುತ್ತಿತ್ತು. ಕುಣಿದವರು ‘ನರ್ತಕರು’ ಅಷ್ಟೆ. ಸಂಬಳ ಕೇಳಿದ್ದಕ್ಕೇ ಕ್ಯಾಂಪ್‌ಬೆಲ್ ಅಲ್ಲಿಂದ ಹೊರಬೀಳಬೇಕಾಯಿತು ಎಂದು ಹೇಳುತ್ತಾರೆ.

ಆಗ ಬೇಸಿಲ್ ಮತ್ತು ಕ್ಯಾಂಪ್‌ಬೆಲ್ ಸೇರಿ ಕಟ್ಟಿದ ತಂಡ ‘ದಿ ಲಾಕರ್ಸ್’. ಬಯಲು ಕುಣಿತವನ್ನು ರಂಗಕ್ಕೂ ಕ್ಯಾಮರಾಕ್ಕೂ ಒಗ್ಗಿಸುವುದು ಸುಲಭವಲ್ಲ. ಬಯಲಿನಲ್ಲಿ ಜನ ಸುತ್ತಲೂ ನಿಂತಿರುತ್ತಾರೆ. ನೃತ್ಯಕ್ಕೆ ಮುಂದು ಹಿಂದು ಎಂಬುದಿಲ್ಲ. ಕ್ಯಾಮರಾಕ್ಕೆ ಮುಂದು ಒಂದೇ. ಬಯಲಿನಲ್ಲಿ ಒಬ್ಬನು ದಣಿಯುವವರೆಗೆ ಕುಣಿಯಬಹುದು. ಟೆಲಿವಿಷನ್ನಿನಲ್ಲಿ ಸಿಕ್ಕುವುದು ಕೆಲವೇ ನಿಮಿಷ. ಲಾಕರ್ಸ್ ತಂಡದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಹೆಸರು, ತನ್ನದೇ ಪಾತ್ರ, ತನ್ನದೇ ಸರದಿ. ನಡುನಡುವೆ ಎಲ್ಲರೂ ಕೂಡಿ ಒಂದೇ ಹೆಜ್ಜೆ. ಸ್ಥೂಲಕಾಯದ ಫ್ರೆಡ್ ಬೆರಿ ಒಮ್ಮೆಗೇ ಹಾರಿ ನೆಲಕ್ಕೆ ಬೀಳುವಾಗ ಜನ ಉಸಿರು ಹಿಡಿಯುತ್ತಿದ್ದರು. ನೀಳಕಾಯದ ಬಿಲ್ ವಿಲಿಯಮ್ಸ್ ಯಂತ್ರಮಾನವ. ಷಬಾ ಡೂ ಎಂದು ಹೆಸರಾದ ಅಡಾಲ್ಫೊ ಕಿನ್ಯೋನೆಸ್ ತಂಡದ ಸುಂದರಾಂಗ. ಮೊಣಕಾಲಿನವರೆಗಿನ ಷರಾಯಿ, ಅದರ ಕೆಳಗೆ ಅಡ್ಡಪಟ್ಟೆಯ ಕಾಲುಚೀಲ, ತಲೆಗೆ ದೊಡ್ಡ ಟೋಪಿ, ಇದು ಅವರ ವೇಷ. ಆ ಪಟ್ಟೆಯ ಕಾಲುಚೀಲ ಬರಿಯ ವಿನೋದಕ್ಕಲ್ಲವೆಂದು ನನ್ನ ಗುಮಾನಿ. ಎಷ್ಟು ದೂರದ ಕ್ಯಾಮರಾದಲ್ಲಿಯೂ, ಎಷ್ಟು ಚಿಕ್ಕ ಟೆಲಿವಿಷನ್ ಪೆಟ್ಟಿಗೆಯಲ್ಲಿಯೂ ಕಣ್ಣು ನೇರವಾಗಿ ಕಾಲಿಗೇ ಹೋಗುತ್ತದೆ! ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹೆಸರಾಂತ ಕಾರ್ಯಕ್ರಮ 1975ರಲ್ಲಿ ಆರಂಭವಾದಾಗ ಅದರ ಮೊದಲ ವರ್ಷದಲ್ಲಿಯೇ ಲಾಕರ್ಸ್ ಅಲ್ಲಿ ಕುಣಿದರು. ‘ನರ್ತಕರು’ ಎಂದಲ್ಲ, ತಮ್ಮ ತಂಡದ ಹೆಸರಿನಲ್ಲಿಯೇ.

ಬೇಸಿಲ್ಲರು ನಿರ್ದೇಶಿಸಿದ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಟಾಕಿಂಗ್ ಹೆಡ್ಸ್ ಎಂಬ ವಾದ್ಯತಂಡದ ಎರಡು ಹಾಡುಗಳ ಚಿತ್ರಗಳನ್ನು. ಎರಡು ಹಾಡುಗಳೂ 1980ರ ಅವರ ಸಂಪುಟದವು. ‘ಒನ್ಸ್ ಇನ್ ಎ ಲೈಫ್‌ಟೈಮ್’ ಚಿತ್ರವನ್ನು ಗಾಯಕ ಡೇವಿಡ್ ಬರ್ನ್ ಅವರೊಡನೆ ಸೇರಿ ನಿರ್ದೇಶಿಸಿದರು. ಬರ್ನ್ ನರ್ತಕರಲ್ಲ. ಇಬ್ಬರೂ ಸೇರಿ ಧರ್ಮೋಪದೇಶಕರ, ಮೈಮೇಲೆ ದೇವರು ಬಂದವರ ಹಳೆಯ ಚಿತ್ರಗಳನ್ನು ನೋಡಿ, ಅವುಗಳಿಂದ ಚಲನೆಗಳನ್ನು ಆರಿಸಿಕೊಂಡರು. ಕನ್ನಡಕ, ಕೋಟು ಧರಿಸಿದ ಒಬ್ಬ ಗುಮಾಸ್ತನಂಥ ಮನುಷ್ಯ ಇದ್ದಕ್ಕಿದ್ದಂತೆ ಬೆಚ್ಚುತ್ತಾನೆ, ಹಣೆ ಬಡಿದುಕೊಳ್ಳುತ್ತಾನೆ, ಮುಗ್ಗರಿಸುತ್ತಾನೆ. ನಮ್ಮ ಕಡೆ ಜಾತ್ರೆಯಲ್ಲಿ ಮೈತುಂಬಿದವರನ್ನು ನೋಡಿ ಬಲ್ಲವರಿಗೆ ಇದು ಏನೆಂದು ಕೂಡಲೆ ತಿಳಿಯುತ್ತದೆ.

ಆದರೆ ಎರಡನೆಯದು, ‘ಕ್ರಾಸ್‌ಐಡ್ ಅಂಡ್ ಪೇನ್‌ಲೆಸ್’, ಇನ್ನೂ ಮುಖ್ಯವಾದದ್ದು. ಹಾಡು ಟಾಕಿಂಗ್ ಹೆಡ್ಸ್ ಅವರದು; ಚಿತ್ರದಲ್ಲಿ ಅವರು ಒಬ್ಬರೂ ಇಲ್ಲ! ಮೊದಲಿನಿಂದ ಕೊನೆಯವರೆಗೆ ಕಾಣುವವರು ಎಲೆಕ್ಟ್ರಿಕ್ ಬೂಗಲೂಸ್ ಬಳಗದ ನರ್ತಕರು. ಬೀದಿಯ ಬದುಕಿನ ಸಣ್ಣ ಸಣ್ಣ ಪ್ರಸಂಗಗಳನ್ನು ಪಾಪಿಂಗ್, ಲಾಕಿಂಗ್‌ಗಳಲ್ಲಿಯೇ ಅಭಿನಯಿಸುತ್ತಾರೆ. ಮುಂದೆ ನಡೆಯುವಂತೆ ತೋರುತ್ತ ಹಿಂದಕ್ಕೆ ಜಾರುವ ಹೆಜ್ಜೆಯೂ ಅಲ್ಲಿದೆ. 1983ರಲ್ಲಿ ಮೈಕೆಲ್ ಜಾಕ್ಸನ್ ಅದನ್ನು ‘ಮೂನ್‌ವಾಕ್’ ಎಂದು ಜಗತ್ಪ್ರಸಿದ್ಧಗೊಳಿಸುವುದಕ್ಕೆ ಮುಂಚಿನ ಮಾತು ಇದು.

ಇಲ್ಲಿ ಕತ್ತರಿಯ ಸೂಕ್ಷ್ಮವೊಂದನ್ನು ವಿವರಿಸಬೇಕು. ಪಾಪಿಂಗಾಗಲಿ ಲಾಕಿಂಗಾಗಲಿ ಅದರ ಸ್ವಾರಸ್ಯವಿರುವುದು ಓಡುತ್ತಿದ್ದ ಮೈ ಫಕ್ಕನೆ ನಿಲ್ಲುವುದರಲ್ಲಿ. ಆ ನಿಲುಗಡೆ ನಮಗೆ ಅನುಭವವಾಗಬೇಕಾದರೆ ಅದರ ಹಿಂದಿನ ವೇಗವನ್ನೂ ಮುಂದಿನ ನಿಶ್ಚಲತೆಯನ್ನೂ ಒಂದೇ ಉಸಿರಿನಲ್ಲಿ ಕಾಣಬೇಕು. ಸರಿಯಾಗಿ ಆ ಗಳಿಗೆಯಲ್ಲಿಯೇ ಸಂಕಲನಕಾರ ಚಿತ್ರವನ್ನು ಕತ್ತರಿಸಿ ಬೇರೆ ಕೋನಕ್ಕೆ ಹಾರಿದರೆ, ನಿಂತದ್ದು ನರ್ತಕನೋ ಕತ್ತರಿಯೋ ಎಂಬುದೇ ತಿಳಿಯದು. ಸಾಮಾನ್ಯ ಸಂಕಲನಕಾರನಿಗೆ ಅಲ್ಲಿಯೇ ಕತ್ತರಿಸುವ ಆಸೆ, ಏಕೆಂದರೆ ತಾಳದ ಪೆಟ್ಟು ಬೀಳುವುದು ಅಲ್ಲಿಯೇ. ಹೀಗೆ ನರ್ತಕನ ವರ್ಷಗಟ್ಟಲೆಯ ಸಾಧನೆಯನ್ನು ಕತ್ತರಿ ಒಂದು ಕ್ಷಣದಲ್ಲಿ ತನ್ನದಾಗಿಸಿಕೊಳ್ಳುತ್ತದೆ. ಈ ಗುಟ್ಟನ್ನು ಪುಸ್ತಕದಿಂದ ತಿಳಿಯಬಹುದು. ತನ್ನ ಮೈಯನ್ನೇ ಹಾಗೆ ನಿಲ್ಲಿಸಿ ಬಲ್ಲವರು ಮರೆಯಲಾರರು.

ಕುಣಿಯುವವರ ಕೈಯಲ್ಲಿ ಕತ್ತರಿಯಿಲ್ಲದಾಗ ಏನಾಗುತ್ತದೆಂಬುದಕ್ಕೆ 1983ರ ‘ಫ್ಲ್ಯಾಷ್‌ಡ್ಯಾನ್ಸ್’ ಚಿತ್ರವನ್ನು ನೋಡಿದರೆ ಸಾಕು. ಕೋಟ್ಯಂತರ ಜನ ನೋಡಿ ಮೆಚ್ಚಿದ ಚಿತ್ರ. ಕೊನೆಯಲ್ಲಿ ನಾಯಕಿ ಪರೀಕ್ಷಕರ ಮುಂದೆ ಕುಣಿದು ಗೆಲ್ಲುತ್ತಾಳೆ. ಮುಖ ನಟಿ ಜೆನಿಫರ್ ಬೀಲ್ಸ್ ಅವರದು. ಕುಣಿತದ ಬಹುಭಾಗ ಮರೀನ್ ಜಹಾನ್ ಎಂಬ ನರ್ತಕಿಯದು. ಗಾಳಿಯಲ್ಲಿ ಹಾರುವ ಭಾಗ ಒಬ್ಬ ಜಿಮ್ನಾಸ್ಟ್ ಪಟುವಿನದು. ಬೆನ್ನಿನ ಮೇಲೆ ಬುಗುರಿಯಂತೆ ತಿರುಗುವ ಭಾಗ ಬ್ರಾಂಕ್ಸಿನ ರಾಕ್ ಸ್ಟೆಡಿ ತಂಡದ ರಿಚರ್ಡ್ ಕೊಲೋನ್, ಅಂದರೆ ಕ್ರೇಜಿ ಲೆಗ್ಸ್ ಎಂಬ ಹುಡುಗನದು. ಅವನಿಗೆ ಹೆಣ್ಣಿನ ಉಡುಪು ತೊಡಿಸಿ ತಲೆಗೆ ಟೋಪನ್ ಹಾಕಿದ್ದರು! ಜಹಾನ್ ಅವರ ಹೆಸರು ಚಿತ್ರದ ಕೊನೆಯ ಪಟ್ಟಿಯಲ್ಲಿ ಬರಲಿಲ್ಲ. ಅದು ಆಗಲೇ ದೊಡ್ಡ ಸುದ್ದಿಯಾಯಿತು. ಇಷ್ಟು ಜನರ ಮೈಯನ್ನು ಒಂದು ಮುಖಕ್ಕೆ ಅಂಟಿಸಿದ್ದು ಕತ್ತರಿಯಲ್ಲದೆ ಮತ್ತೇನು? ಬೀದಿಯ ನೃತ್ಯ ಬೆಳ್ಳಿತೆರೆಯ ಮೂಲಕ ಲೋಕವನ್ನೆಲ್ಲ ಮುಟ್ಟಿದ ವರ್ಷವೇ ಅದನ್ನು ಕುಣಿದವನ ಮುಖ ಮರೆಯಾಗಿತ್ತು.

ಮರುವರ್ಷವೇ, 1984ರಲ್ಲಿ, ಲಾಕರ್ಸ್ ತಂಡದ ಷಬಾ ಡೂ ‘ಬ್ರೇಕಿನ್’ ಎಂಬ ಚಿತ್ರದ ನಾಯಕಪಾತ್ರಗಳಲ್ಲೊಂದನ್ನು ವಹಿಸಿದರು. ಕಥೆ ಏನೂ ಹೇಳಿಕೊಳ್ಳುವಂಥದಲ್ಲ. ಆದರೆ ಅದರಲ್ಲಿ ಮೈಕೆಲ್ ಚೇಂಬರ್ಸ್ ಎಂಬ ತರುಣ ಅಂಗಡಿಯ ಮುಂದೆ ಕಸ ಗುಡಿಸುತ್ತ ಪೊರಕೆಯನ್ನೇ ಜೊತೆಗಾತಿಯನ್ನಾಗಿಸಿಕೊಂಡು ಕುಣಿಯುವ ದೃಶ್ಯವಿದೆ. ಬಹುಮಟ್ಟಿಗೆ ಇಡೀ ಮೈ ಕಾಣುತ್ತದೆ, ಮುಖವೂ ಅವನದೇ. ಷಬಾ ಡೂ ಮುಂದೆ 1987ರಲ್ಲಿ ಗಾಯಕಿ ಮಡೊನ್ನಾ ಅವರ ಪ್ರವಾಸಕ್ಕೆ ನೃತ್ಯ ಸಂಯೋಜಿಸಿದರು. 1993ರಲ್ಲಿ ತಾವೇ ಒಂದು ಚಿತ್ರವನ್ನು ನಿರ್ದೇಶಿಸಿದರು. ಬೇಸಿಲ್ ತುಳಿದ ಹಾದಿಯನ್ನು ಅವರೂ ತುಳಿದರು.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪಣೆಯನ್ನೂ ಎದುರಿಸಬೇಕು. ನಮ್ಮ ಅಧ್ಯಾಪಕರೊಬ್ಬರೊಡನೆ ಈ ವಿಷಯ ಮಾತನಾಡುತ್ತಿದ್ದಾಗ ಅವರು ಕೇಳಿದರು: “ಆ ನೃತ್ಯ ಕರಿಯ ಹುಡುಗರದು. ಈ ಹೆಂಗಸು ಬಿಳಿಯ ಜನಾಂಗದವರು, ಚಿತ್ರರಂಗದ ಪರಿಚಯವಿದ್ದವರು. ಕೊನೆಗೆ ಕೀರ್ತಿ ಬಂದದ್ದು ಯಾರಿಗಪ್ಪಾ?” ಪ್ರಶ್ನೆ ನ್ಯಾಯವಾದದ್ದು. ಬೇಸಿಲ್ ತಾವೇ ಹಾಡಿ, ನೃತ್ಯ ಸಂಯೋಜಿಸಿ, ನಿರ್ದೇಶಿಸಿದ ‘ಮಿಕಿ’ ಎಂಬ ಹಾಡು 1982ರ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಅದರಲ್ಲಿ ಅವರು ತೊಟ್ಟದ್ದು ತಾವು ಹೈಸ್ಕೂಲಿನಲ್ಲಿದ್ದಾಗ ಆಟದ ಮೈದಾನದಲ್ಲಿ ಹುರಿದುಂಬಿಸುವ ತಂಡಕ್ಕೆ ತೊಡುತ್ತಿದ್ದ ಉಡುಪನ್ನೇ. ಇಂದಿಗೂ ಬೇಸಿಲ್ ಎಂದರೆ ಬಹು ಜನರಿಗೆ ‘ಮಿಕಿ’. ಡಾನ್ ಕ್ಯಾಂಪ್‌ಬೆಲ್ ಎಂದರೆ ನರ್ತಕರ ವಲಯದ ಹೊರಗೆ ಎಷ್ಟು ಜನಕ್ಕೆ ಗೊತ್ತು? ಕತ್ತರಿ ಯಾರ ಕೈಯಲ್ಲಿದೆಯೋ ಕೀರ್ತಿಯೂ ಆ ಕಡೆಗೇ ವಾಲುತ್ತದೆ ಎಂಬುದಕ್ಕೆ ಬೇಸಿಲ್ಲರೂ ಒಂದು ಸಾಕ್ಷಿಯೇ ಆಗಿಬಿಟ್ಟರು.

ಅದನ್ನು ಒಪ್ಪಿಕೊಂಡೇ ನಾನು ಹೇಳುವುದು ಇಷ್ಟು. ಕ್ಯಾಂಪ್‌ಬೆಲ್ಲರ ಹೆಜ್ಜೆಯನ್ನು ಬೇಸಿಲ್ ತಮ್ಮದೆಂದು ಹೇಳಿಕೊಳ್ಳಲಿಲ್ಲ. ಅವರನ್ನು ತೆಗೆದುಹಾಕಿ ತಾವು ಮುಂದೆ ನಿಲ್ಲಲಿಲ್ಲ. ಅವರ ಪಕ್ಕದಲ್ಲಿ ತಂಡದ ಒಬ್ಬರಾಗಿ ಕುಣಿದರು. ವಾದ್ಯತಂಡದ ಹಣದಿಂದ ಆಗುವ ಚಿತ್ರದಲ್ಲಿ ವಾದ್ಯತಂಡವನ್ನೇ ಬಿಟ್ಟು ನರ್ತಕರನ್ನು ನಿಲ್ಲಿಸಿದರು. ಟೋಪನ್ ಹಾಕಿಸಿಕೊಂಡ ಕ್ರೇಜಿ ಲೆಗ್ಸ್‌ನನ್ನೂ ಮುಖವೆತ್ತಿ ನಿಂತ ಬೂಗಲೂಸ್ ಹುಡುಗರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಅಧ್ಯಾಪಕರಿಗೆ ಇದರಿಂದ ಪೂರ್ಣ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಪೂರ್ಣವಾಗಿ ಆಗಿಲ್ಲ.

ಈ ಪರಂಪರೆಯ ಒಂದು ಎಳೆ ನಮ್ಮ ನಾಡಿಗೂ ಬಂದಿದೆ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ಬಳಿ ಮೂಗೂರು ಎಂಬ ಊರಿದೆ. ಅಲ್ಲಿಂದ ಚಿತ್ರರಂಗಕ್ಕೆ ಹೋಗಿ ನೃತ್ಯ ಸಂಯೋಜಕರಾದವರು ಮೂಗೂರು ಸುಂದರ್. ಅವರ ಮಗ 1973ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ. ಭರತನಾಟ್ಯ ಕಲಿತಿದ್ದ ಹುಡುಗ. ಆದರೆ ಮೈಕೆಲ್ ಜಾಕ್ಸನ್ನರಿಂದ ಸ್ಫೂರ್ತಿಗೊಂಡು, ಕ್ಯಾಲಿಫೋರ್ನಿಯದ ಬೀದಿಗಳಿಂದ ಜಾಕ್ಸನ್ನರಿಗೆ ಬಂದಿದ್ದ ಆ ಬಿಗಿತ ಸಡಿಲಿಕೆಗಳನ್ನು ತನ್ನ ಮೈಗೆ ಇಳಿಸಿಕೊಂಡರು. 1994ರ ತಮಿಳು ಚಿತ್ರ ‘ಕಾದಲನ್’ನಲ್ಲಿ ನಾಯಕರಾಗಿ ದೇಶಕ್ಕೆಲ್ಲ ಪರಿಚಿತರಾದರು. ‘ಮಿನ್ಸಾರ ಕನವು’ ಮತ್ತು ‘ಲಕ್ಷ್ಯ’ ಚಿತ್ರಗಳ ನೃತ್ಯ ಸಂಯೋಜನೆಗೆ ರಾಷ್ಟ್ರಪ್ರಶಸ್ತಿ ಪಡೆದರು. 2005ರಲ್ಲಿ ತೆಲುಗು ಚಿತ್ರವೊಂದರಿಂದ ನಿರ್ದೇಶಕರೂ ಆದರು. 2019ರಲ್ಲಿ ಪದ್ಮಶ್ರೀ ಬಂದಿತು. ನಿರ್ದೇಶಕರಾದ ಮೇಲೆ ಅವರು ಮಾಡಿದ್ದು ಹೆಚ್ಚಾಗಿ ಹೊಡೆದಾಟದ ಚಿತ್ರಗಳು, ನೃತ್ಯದ ಚಿತ್ರಗಳಲ್ಲ ಎಂಬ ವಿಷಾದ ನನ್ನಂಥವರಿಗೆ ಇದ್ದೇ ಇದೆ.

ಡಾನ್ ಕ್ಯಾಂಪ್‌ಬೆಲ್ 2020ರ ಮಾರ್ಚಿನಲ್ಲಿಯೂ ಷಬಾ ಡೂ ಅದೇ ವರ್ಷದ ಡಿಸೆಂಬರಿನಲ್ಲಿಯೂ ತೀರಿಕೊಂಡರು. ಅವರ ಹಳೆಯ ಟೆಲಿವಿಷನ್ ಚಿತ್ರಗಳು ಮಸುಕಾಗಿ, ಗೀರುಬಿದ್ದು, ಈಗ ಯಾರು ಬೇಕಾದರೂ ನೋಡುವಂತೆ ಸಿಕ್ಕುತ್ತವೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ನಮ್ಮ ಐವರು ಮಿತ್ರರು ಮತ್ತೆ ಅಭ್ಯಾಸ ಆರಂಭಿಸಿದ್ದಾರೆ. ಚಿತ್ರ ತೆಗೆಯುವವರು ಎಲ್ಲಿ ನಿಲ್ಲಬೇಕೆಂದು ಸಭಾಂಗಣದ ನೆಲದ ಮೇಲೆ ಸುಣ್ಣದಿಂದ ಒಂದು ಗೆರೆಯನ್ನೂ ಎಳೆದಿದ್ದಾರೆ. ಅಲ್ಲಿಂದ ಅಳೆದು ನೋಡಿದರೆ ಹತ್ತು ಪಾದಗಳೂ ಚೌಕಟ್ಟಿನೊಳಗೆ ಬರುತ್ತವಂತೆ. ಮೊನ್ನೆ ನೋಡಲು ಹೋದಾಗ, ನಡುವೆ ಒಂದು ಕಡೆ ಎಲ್ಲರೂ ಥಟ್ಟನೆ ನಿಂತು ಎದುರಿಗೆ ಬೆರಳು ತೋರಿಸಿದರು. ಅದು ಎಲ್ಲಿಂದ ಬಂದಿತೆಂದು ಕೇಳಿದೆ. ಯಾರಿಗೂ ತಿಳಿಯದು, ಯಾವುದೋ ಚಿತ್ರ ನೋಡಿ ಕಲಿತದ್ದು ಎಂದರು. ನಾನು ಕ್ಯಾಂಟೀನಿನ ಕಥೆ ಹೇಳಿದೆ. ಅವರಲ್ಲಿ ಚಿಕ್ಕವನು, “ಹಾಗಾದರೆ ಇನ್ನು ಮೇಲೆ ಎದುರಿಗಲ್ಲ, ನಗುವವರು ಎಲ್ಲಿ ಕೂತಿರುತ್ತಾರೋ ಆ ಕಡೆಗೇ ತೋರಿಸಬೇಕು,” ಎಂದು ಹಿಂದಿನ ಸಾಲಿನ ಬೆಂಚುಗಳ ಕಡೆಗೆ ಬೆರಳು ಚಾಚಿದ.